ಎಚ್‌ಟಿ-2 ಕಟ್ಟಿದ ದಿನಗಳ ಆಲ್ಬಮ್: ಹುಳಿ ವಾಸನೆ ಹೊಡೆಯುವ ನೆಗೆಟಿವ್‌ಗಳನ್ನು ಏನು ಮಾಡಬೇಕು?

ಓದುಗರ ಪ್ರಶ್ನೆ: ನಮ್ಮ ತಾತ 1940ರ ದಶಕದ ಕೊನೆಯಿಂದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದರು. ಎಚ್‌ಟಿ-2 ವಿಮಾನ ತಯಾರಾಗುವಾಗ ತಾತನೇ ತೆಗೆದದ್ದು ಎಂದು ಮನೆಯಲ್ಲಿ ಹೇಳುತ್ತಿದ್ದ ಫೋಟೊಗಳು ಟ್ರಂಕಿನಲ್ಲಿ ಸಿಕ್ಕಿವೆ. ಕಪ್ಪು ಹಾಳೆಯ ಆಲ್ಬಮ್‌ನಲ್ಲಿ ಸುಮಾರು 140 ಫೋಟೊಗಳಿವೆ. ಕೆಲವಕ್ಕೆ ಮಾತ್ರ ಬಿಳಿ ಶಾಯಿಯಲ್ಲಿ ಏನೋ ಬರೆದಿದೆ. ಒಂದು ಬಿಸ್ಕತ್ ಡಬ್ಬಿಯ ತುಂಬ ನೆಗೆಟಿವ್‌ಗಳಿವೆ, ಮುಚ್ಚಳ ತೆಗೆದರೆ ವಿನಿಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. 1980ರ ದಶಕದಲ್ಲಿ ನಮ್ಮತ್ತೆ ಮೂವತ್ತು ಫೋಟೊಗಳನ್ನು ಕಿತ್ತು ಅಂಟು ಹಾಳೆಯ ಆಲ್ಬಮ್‌ಗೆ ಹಾಕಿದ್ದಾರೆ. ಅವು ಈಗ ಬಿಟ್ಟು ಬರುತ್ತಿಲ್ಲ. ಕೆಲವು ಫೋಟೊಗಳ ಅಂಚು ಕನ್ನಡಿಯಂತೆ ಹೊಳೆಯುತ್ತದೆ, ಒಂದಿಷ್ಟಕ್ಕೆ ಬೂಷ್ಟು ಹಿಡಿದಿದೆ. ಹಳೇ ನೆಗೆಟಿವ್ ತಾನಾಗಿಯೇ ಹೊತ್ತಿಕೊಳ್ಳುತ್ತೆ, ಎಸೆದುಬಿಡಿ ಅನ್ನುತ್ತಾರೆ ಚಿಕ್ಕಪ್ಪ. ಸ್ಟುಡಿಯೊದವರು ಎಲ್ಲವನ್ನೂ ಬಿಡಿಸಿ, ಒರೆಸಿ, ಸ್ಕ್ಯಾನ್ ಮಾಡಿ, ಬಣ್ಣ ಹಾಕಿ, ಲ್ಯಾಮಿನೇಟ್ ಮಾಡಿಕೊಡುತ್ತೇವೆ ಅನ್ನುತ್ತಾರೆ. ಇವು ನಿಜಕ್ಕೂ ಎಚ್‌ಟಿ-2 ಫೋಟೊಗಳೇ ಅಂತ ತಿಳಿಯುವುದು ಹೇಗೆ? ನಮ್ಮ ಹತ್ತಿರವೇ ಇಟ್ಟುಕೊಳ್ಳುವುದೋ, ಮ್ಯೂಸಿಯಂಗೆ ಕೊಡುವುದೋ? ಇವು ಕಂಪನಿಯ ಆಸ್ತಿಯಾಗುತ್ತವೆಯೇ?

ಉತ್ತರ: ನೀವು ಕೇಳಿರುವುದರಲ್ಲಿ ತುರ್ತಾದದ್ದು ಒಂದೇ, ಆ ಬಿಸ್ಕತ್ ಡಬ್ಬಿ. ಆಲ್ಬಮ್ ಇನ್ನೊಂದು ವರ್ಷ ಹಾಗೇ ಇದ್ದರೂ ಹೆಚ್ಚು ಕೆಡುವುದಿಲ್ಲ, ನೆಗೆಟಿವ್‌ಗಳಿಗೆ ಅಷ್ಟು ಕಾಲವಿಲ್ಲ. ಇವತ್ತೇ ಮುಚ್ಚಳ ತೆಗೆದು, ಡಬ್ಬಿಯನ್ನು ಗಾಳಿಯಾಡುವ, ಬಿಸಿಲು ಬೀಳದ ಜಾಗದಲ್ಲಿಡಿ. ಆದರೆ ಒಳಗಿನದನ್ನು ಮೇಜಿನ ಮೇಲೆ ಸುರಿಯಬೇಡಿ. ಅವು ಯಾವ ಕ್ರಮದಲ್ಲಿ, ಯಾವ ಲಕೋಟೆಯಲ್ಲಿ, ಯಾವುದರ ಪಕ್ಕದಲ್ಲಿವೆ ಅನ್ನುವುದೂ ನಿಮಗೆ ಬೇಕಾಗುತ್ತದೆ. ಸ್ಟುಡಿಯೊದವರಿಗೆ ಸದ್ಯಕ್ಕೆ ಬೇಡ ಎಂದು ಹೇಳಿಬಿಡಿ.

ಕ್ರಮಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಎಚ್‌ಟಿ-2 ನಮ್ಮ ದೇಶದಲ್ಲೇ ವಿನ್ಯಾಸಗೊಂಡು, ಇಲ್ಲೇ ತಯಾರಾಗಿ, ವಾಯುಪಡೆಯ ಬಳಕೆಗೆ ಬಂದ ಮೊದಲ ವಿಮಾನ. ಜರ್ಮನಿಯ ಗಾಟಿಂಗೆನ್‌ನಲ್ಲಿ ವಾಯುಚಲನ ವಿಜ್ಞಾನಿ ಪ್ರಾಂಟಲ್ ಅವರ ಬಳಿ ಕಲಿತು ಬಂದಿದ್ದ ವಿ.ಎಂ. ಘಾಟಗೆಯವರ ತಂಡ ಅದನ್ನು ರೂಪಿಸಿತು. ಮೊದಲ ಮಾದರಿ 1951ರ ಆಗಸ್ಟ್‌ನಲ್ಲಿ ಹಾರಿತು, ಎರಡನೆಯದು 1952ರ ಫೆಬ್ರವರಿಯಲ್ಲಿ. ಮುಂದೆ ದಶಕಗಳ ಕಾಲ ನಮ್ಮ ವಾಯುಪಡೆಯ ಪೈಲಟ್‌ಗಳು ಹಾರಾಟದ ಮೊದಲ ಪಾಠ ಕಲಿತದ್ದು ಇದರಲ್ಲಿ. ಘಾನಾ ದೇಶದ ವಾಯುಪಡೆಗೂ ಇದು ಹೋಯಿತು. ಹಾರಿದ ವಿಮಾನದ ಫೋಟೊ ಹುಡುಕಿದರೆ ಸಿಗುತ್ತದೆ, ಸಾಲಾಗಿ ನಿಲ್ಲಿಸಿದ ಹೊಸ ವಿಮಾನಗಳ ಫೋಟೊವೂ ಸಿಗುತ್ತದೆ. ಅಪರೂಪದ್ದು ಕಟ್ಟುವಾಗಿನ ಫೋಟೊ. ಕಂಪನಿಯ ಫೋಟೊಗ್ರಾಫರ್ ಬರುವುದು ಬಣ್ಣ ಬಳಿದಾದ ಮೇಲೆ, ಗಣ್ಯರು ಬಂದಾಗ. ಇಂಜಿನಿಯರ್ ಕ್ಯಾಮೆರಾ ಹಿಡಿಯುವುದು ಒಂದು ಕೂಡುಭಾಗ ಸರಿಯಾಗಿ ಕೂತಾಗ, ಇಲ್ಲವೇ ಕೂರದೆ ತಲೆಕೆಡಿಸಿದಾಗ. ಅಂಥ ಫೋಟೊ ಒಂಟಿಯಾಗಿ ಬರೀ ಒಂದು ತಗಡಿನ ಚಿತ್ರ. ಹಿಂದಿನ, ಮುಂದಿನ ಫೋಟೊಗಳ ಜೊತೆಗಿಟ್ಟರೆ ಅದು ಕೆಲಸದ ದಾಖಲೆ.

ರೈಟ್ ಸಹೋದರರ ಪ್ಲೇಟ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅವರು 5×7 ಇಂಚಿನ ಗಾಜಿನ ಪ್ಲೇಟ್‌ಗಳಲ್ಲಿ ತಮ್ಮ ಗ್ಲೈಡರು, ವಿಮಾನಗಳ ಚಿತ್ರ ತೆಗೆದು, ಎಷ್ಟು ಹೊತ್ತು ಬೆಳಕು ಬಿಟ್ಟೆವು, ಲೆನ್ಸಿನ ಕಿಂಡಿ ಎಷ್ಟಿತ್ತು, ಯಾವ ದಿನ, ಯಾವ ಜಾಗ, ಯಾವ ಬಗೆಯ ಪ್ಲೇಟ್ ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1913ರ ಮಾರ್ಚ್‌ನಲ್ಲಿ ಡೇಟನ್ ಊರಿಗೆ ನೆರೆ ಬಂದು ಆ ಪ್ಲೇಟ್‌ಗಳು ನೀರಲ್ಲಿ ಮುಳುಗಿದವು. 1903ರ ಡಿಸೆಂಬರ್ 17ರ ಮೊದಲ ಹಾರಾಟದ ಪ್ಲೇಟಿನ ಒಂದು ಮೂಲೆಯಲ್ಲಿ ಚಿತ್ರದ ಪದರವೇ ಕಿತ್ತುಹೋಗಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅದನ್ನು ಆ ಗಾಯದ ಸಮೇತ ಹಾಗೇ ಕಾಪಾಡಿದ್ದಾರೆ. ಇಂಥ ಸಂಗ್ರಹಕ್ಕೆ ಹೊಳಪಿಗಿಂತ ಬರಹ ಮುಖ್ಯ. ನಿಮ್ಮ ತಾತನ ಆಲ್ಬಮ್‌ನ ಬಿಳಿ ಶಾಯಿಯ ಸಾಲುಗಳನ್ನೂ ಆ ಕಣ್ಣಿನಿಂದಲೇ ನೋಡಿ.

ನೆಗೆಟಿವ್ ಹೊತ್ತಿಕೊಳ್ಳುತ್ತದೆಯೇ?

ಚಿಕ್ಕಪ್ಪನ ಮಾತು ಪೂರ್ತಿ ಸುಳ್ಳಲ್ಲ. ಹಿಂದೆ ಫಿಲ್ಮ್‌ಗಳನ್ನು ಸೆಲ್ಯುಲೋಸ್ ನೈಟ್ರೇಟ್‌ನಿಂದ ಮಾಡುತ್ತಿದ್ದರು. ಅದು ಬೆಂಕಿ ತಗುಲಿದರೆ ಭಗ್ಗನೆ ಉರಿಯುತ್ತದೆ, ನೀರು ಹಾಕಿದರೂ ಆರುವುದಿಲ್ಲ, ಹೊಗೆಯೂ ವಿಷ. ಕೊಳೆತ ಸಿನಿಮಾ ರೀಲುಗಳನ್ನು ರಾಶಿಯಾಗಿ ಮುಚ್ಚಿಟ್ಟಿದ್ದಾಗ ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಷ್ಟು ಸೆಕೆ ದಿನಗಟ್ಟಲೆ ಇದ್ದರೂ ತಾನಾಗಿಯೇ ಹೊತ್ತಿಕೊಳ್ಳಬಹುದು. ಆದರೆ ನಿಮ್ಮ ಡಬ್ಬಿಯ ವಾಸನೆ ವಿನಿಗರ್‌ನದು. ವಿನಿಗರ್ ವಾಸನೆ ಬರುವುದು ಅಸಿಟೇಟ್ ಫಿಲ್ಮ್‌ನಿಂದ, ಅಂದರೆ 'ಸೇಫ್ಟಿ ಫಿಲ್ಮ್' ಎಂದು ಕರೆದದ್ದರಿಂದ. ಅದು ಮಾಮೂಲಿ ಪ್ಲಾಸ್ಟಿಕ್‌ನಷ್ಟೇ ಉರಿಯುತ್ತದೆ. ಕೊಡ್ಯಾಕ್ ಕಂಪನಿ ಷೀಟ್ ಫಿಲ್ಮ್‌ಗಳಲ್ಲಿ ನೈಟ್ರೇಟ್ ಬಿಟ್ಟದ್ದು 1930ರ ದಶಕದ ಕೊನೆಗೆ, ರೋಲ್ ಫಿಲ್ಮ್‌ಗಳಲ್ಲಿ 1950ರ ಸುಮಾರಿಗೆ. ನಿಮ್ಮ ತಾತನ ಕಾಲ ಸರಿಯಾಗಿ ಆ ಗಡಿಯ ಮೇಲೆ ಬರುವುದರಿಂದ ಒಂದೆರಡು ನೈಟ್ರೇಟ್ ಫಿಲ್ಮ್ ಸೇರಿಕೊಂಡಿರಲೂಬಹುದು.

ಗುರುತಿಸುವುದು ಹೀಗೆ. ಒಂದೊಂದೇ ನೆಗೆಟಿವ್ ಅನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿ, ಅಂಚಿನ ಇಂಗ್ಲಿಷ್ ಅಕ್ಷರ ಓದಿ. 'ಸೇಫ್ಟಿ' ಎಂದಿದ್ದರೆ ಅಸಿಟೇಟ್. ಏನೂ ಇಲ್ಲದಿದ್ದರೆ ಅನುಮಾನದ ಗುಂಪಿಗೆ ಹಾಕಿ. ಕೆಟ್ಟ ಅಸಿಟೇಟ್ ಕುಗ್ಗುತ್ತದೆ, ಸುರುಳಿಯಾಗುತ್ತದೆ, ಮೇಲಿನ ಚಿತ್ರದ ಪದರ ಸುಕ್ಕುಗಟ್ಟಿ ಏಳುತ್ತದೆ. ಕೆಟ್ಟ ನೈಟ್ರೇಟ್ ಹಳದಿ-ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗುತ್ತದೆ, ಕೊನೆಗೆ ಕಂದು ಪುಡಿಯಾಗುತ್ತದೆ, ವಾಸನೆ ಘಾಟಾಗಿರುತ್ತದೆ. ಅಂತರ್ಜಾಲದಲ್ಲಿ ತುಂಡು ಕತ್ತರಿಸಿ ಸುಟ್ಟು ನೋಡುವ ಪರೀಕ್ಷೆ ಹೇಳಿರುತ್ತಾರೆ. ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಅನುಮಾನ ಬಂದವನ್ನು ಬೇರೆ ಕಾಗದದ ಲಕೋಟೆಗಳಲ್ಲಿ, ಅಡುಗೆಮನೆ ಮತ್ತು ದೇವರಕೋಣೆಯಿಂದ ದೂರ, ಗಾಳಿಯಾಡುವ ಕಡೆ ಇಟ್ಟರೆ ಸಾಕು. ಕೈಯಳತೆಯ ಹತ್ತಿಪ್ಪತ್ತು ನೆಗೆಟಿವ್‌ಗಳಿಂದ ಮನೆಗೆ ಬೆಂಕಿ ಬೀಳುವ ಭಯವಿಲ್ಲ. ಆದರೆ ನೈಟ್ರೇಟ್ ಬಿಡುವ ಅನಿಲ ಪಕ್ಕದ ಫಿಲ್ಮ್‌ನ ಬೆಳ್ಳಿಯನ್ನು ತಿನ್ನುತ್ತದೆ, ಅದಕ್ಕೇ ಬೇರೆ ಮಾಡಬೇಕು.

ಅಸಿಟೇಟ್ ಹುಳಿಯಾಗುವುದು ಏಕೆಂದು ತಿಳಿದರೆ ಮುಂದಿನದು ಸುಲಭ. ಗಾಳಿಯ ತೇವ ಮತ್ತು ಶಾಖ ಸೇರಿ ಫಿಲ್ಮ್‌ನ ತಳದಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ಆ ಆಮ್ಲವೇ ಮುಂದಿನ ಕೊಳೆತಕ್ಕೆ ವೇಗ ಕೊಡುತ್ತದೆ. ಮುಚ್ಚಿದ ತಗಡಿನ ಡಬ್ಬಿಯಲ್ಲಿ ಆಮ್ಲ ಹೊರಗೆ ಹೋಗಲು ದಾರಿಯಿಲ್ಲ, ಹಾಗಾಗಿ ಒಂದು ಕೆಟ್ಟ ಫಿಲ್ಮ್ ಪಟ್ಟಿ ಇಡೀ ಡಬ್ಬಿಯನ್ನು ಕೆಡಿಸುತ್ತದೆ. ಹೊಚ್ಚಹೊಸ ಅಸಿಟೇಟ್ ಫಿಲ್ಮ್ ಅನ್ನು 21 ಡಿಗ್ರಿ, ಶೇಕಡ 50 ತೇವದಲ್ಲಿಟ್ಟರೆ ವಾಸನೆ ಶುರುವಾಗುವುದಕ್ಕೆ ಸುಮಾರು 40 ವರ್ಷ ಹಿಡಿಯುತ್ತದೆ ಅನ್ನುವುದು ಪ್ರಯೋಗಾಲಯದ ಅಂದಾಜು. ನಿಮ್ಮವು ಎಪ್ಪತ್ತು ದಾಟಿವೆ. ಒಮ್ಮೆ ವಾಸನೆ ಬಂದ ಮೇಲೆ ಹಿಂದಕ್ಕೆ ತರುವ ಔಷಧಿ ಇಲ್ಲ, ನಿಧಾನ ಮಾಡಬಹುದು ಅಷ್ಟೆ. ಸಿಲಿಕಾ ಜೆಲ್ ಪೊಟ್ಟಣ ತೇವವನ್ನು ಹೀರುತ್ತದೆಯೇ ಹೊರತು ಹುಟ್ಟಿದ ಆಮ್ಲಕ್ಕೆ ಪರಿಹಾರವಲ್ಲ. ನುಸಿಗುಳಿಗೆಯಂತೂ ಬೇಡವೇ ಬೇಡ. ಅದರ ಆವಿ ಫಿಲ್ಮ್ ಮೇಲೆ ಹರಳಾಗಿ ಕೂರುತ್ತದೆ, ಕೆಲವು ಬಗೆಯ ಗುಳಿಗೆ ಪ್ಲಾಸ್ಟಿಕ್ಕನ್ನೇ ಮೆತ್ತಗಾಗಿಸುತ್ತದೆ. ಬೇವಿನ ಸೊಪ್ಪು, ಹೊಗೆಸೊಪ್ಪು ಕೂಡ ಕಲೆ ಮಾಡುತ್ತವೆ.

ಈಗ ಕೆಲಸಕ್ಕೆ ಬನ್ನಿ. ಡಬ್ಬಿಯಲ್ಲಿ ಅವು ಇರುವ ಹಾಗೆಯೇ ಮೊಬೈಲಿನಲ್ಲಿ ಎರಡು ಮೂರು ಕೋನದಿಂದ ಫೋಟೊ ತೆಗೆಯಿರಿ. ನಂತರ ಮೇಲಿನಿಂದ ಒಂದೊಂದೇ ಎತ್ತಿ, ಎತ್ತಿದ ಕ್ರಮದಲ್ಲೇ ಸಂಖ್ಯೆ ಕೊಡುತ್ತಾ ಹೋಗಿ. ಸಂಖ್ಯೆ ಬರೆಯುವುದು ಲಕೋಟೆಯ ಮೇಲೆ, ಮೆತ್ತನೆ ಪೆನ್ಸಿಲ್‌ನಲ್ಲಿ, ನೆಗೆಟಿವ್ ಒಳಗೆ ಹಾಕುವ ಮುಂಚೆ. ಒಂದು ಲಕೋಟೆಗೆ ಒಂದೇ ಪಟ್ಟಿ. ಲಕೋಟೆ ಆಮ್ಲರಹಿತ ಕಾಗದದ್ದಾಗಿರಲಿ, ಮಧ್ಯದಲ್ಲಿ ಅಂಟಿನ ಜೋಡಣೆ ಇಲ್ಲದ ನಾಲ್ಕು ಮಡಿಕೆಯ ಬಗೆ ಒಳ್ಳೆಯದು. ಪ್ಲಾಸ್ಟಿಕ್ ಜೇಬು ನೋಡಲು ಚೆಂದ, ಆದರೆ ಹುಳಿಯಾದ ಫಿಲ್ಮ್‌ಗೆ ಅದು ಇನ್ನೊಂದು ಬಿಸ್ಕತ್ ಡಬ್ಬಿ. ಅಡುಗೆಮನೆಯ ಬಟರ್ ಪೇಪರ್ ಕೂಡ ಆಗದು. ಸುರುಳಿಯಾದದ್ದನ್ನು ಬಲವಂತವಾಗಿ ಚಪ್ಪಟೆ ಮಾಡಿದರೆ ಚಟ್ಟನೆ ಸೀಳುತ್ತದೆ, ಸುರುಳಿಯಾಗಿಯೇ ಪೆಟ್ಟಿಗೆಯಲ್ಲಿಡಿ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಹುಳಿ ಆವಿ ಕಣ್ಣು ಉರಿಸುತ್ತದೆ. ಕೈಗೆ ನೈಟ್ರೈಲ್ ಗ್ಲೌಸ್ ಸಾಕು. ಹತ್ತಿ ಕೈಗವಸು ಅಂಚಿಗೆ ಸಿಕ್ಕಿಕೊಂಡು ಹರಿಯುವುದೇ ಹೆಚ್ಚು.

ಹೀಗೆ ಹಾಕುವಾಗ ಪಟ್ಟಿಗಳ ಅಂಚಿನ ಫ್ರೇಮ್ ಸಂಖ್ಯೆಗಳನ್ನು ಬರೆದುಕೊಳ್ಳಿ. ಕತ್ತರಿ ಓಡಿದ ಎರಡು ತುದಿಗಳು ಒಂದಕ್ಕೊಂದು ಸರಿಯಾಗಿ ಕೂಡಿದರೆ ಅವು ಒಂದೇ ರೋಲಿನ ಪಕ್ಕಪಕ್ಕದ ಪಟ್ಟಿಗಳು. ಆಲ್ಬಮ್‌ನಲ್ಲಿ ದಿನಾಂಕವಿಲ್ಲದ ಫೋಟೊಗೆ ಕ್ರಮ ಹಚ್ಚುವ ಅತ್ಯಂತ ಗಟ್ಟಿ ಸಾಕ್ಷಿ ಇದು. ಒಂದೊಂದೇ ಫ್ರೇಮ್ ಆಗಿ ಕತ್ತರಿಸಿಕೊಡಿ ಎನ್ನುವ ಸ್ಕ್ಯಾನಿಂಗ್ ಅಂಗಡಿಗಳಿವೆ. ಅಲ್ಲಿಂದ ಎದ್ದು ಬನ್ನಿ.

ಸ್ಕ್ಯಾನ್ ಆದ ಮೇಲೆ ಬಲವಾದ ವಾಸನೆಯವನ್ನು ತಣ್ಣಗಿಡುವುದು ಒಂದು ಆಯ್ಕೆ. ಫ್ರಾಸ್ಟ್-ಫ್ರೀ ಫ್ರಿಜ್‌ನ ಫ್ರೀಜರ್ ಆಗುತ್ತದೆ. ಲಕೋಟೆಗಳನ್ನು ಜಿಪ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಅದರ ಹೊರಗೆ ದಪ್ಪ ರಟ್ಟು ಇಟ್ಟು, ಎರಡನೆಯ ಜಿಪ್ ಚೀಲದಲ್ಲಿ ಹಾಕಬೇಕು. ತೇವ ತೋರಿಸುವ ಬಣ್ಣದ ಕಾರ್ಡ್ ಹೊರಚೀಲದಲ್ಲಿರಲಿ. ಚೀಲ ಮುಚ್ಚುವುದು ಒಣಹವೆಯ ದಿನ, ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಬೆಂಗಳೂರಿನಲ್ಲಿ ಅಂಥ ದಿನಗಳಿಗೆ ಕೊರತೆಯಿಲ್ಲ. ಹೊರಗೆ ತೆಗೆದಾಗ ಚೀಲ ಬಿಚ್ಚದೆ ಒಂದು ಪೂರ್ತಿ ದಿನ ಕಾಯಬೇಕು, ಇಲ್ಲದಿದ್ದರೆ ತಣ್ಣನೆ ಫಿಲ್ಮ್ ಮೇಲೆ ಬೆವರು ಕೂತು ಚಿತ್ರವನ್ನು ಹಿಡಿದಿಟ್ಟ ಜೆಲಟಿನ್ ಪದರ ಅಂಟಾಗುತ್ತದೆ. ಗಂಟೆಗಟ್ಟಲೆ ಕರೆಂಟು ಹೋಗುವ ಊರಲ್ಲಿ, ಅಥವಾ ಫ್ರೀಜರ್ ಬಾಗಿಲು ದಿನಕ್ಕೆ ಹತ್ತು ಸಲ ತೆರೆಯುವ ಮನೆಯಲ್ಲಿ ಈ ಉಪಾಯದಿಂದ ಲಾಭಕ್ಕಿಂತ ನಷ್ಟ. ಅಂಥಲ್ಲಿ ತಂಪಾದ ಕೋಣೆಯ ಒಳಗೋಡೆ ಪಕ್ಕದ ಸ್ಟೀಲ್ ಬೀರುವೇ ಮೇಲು, ನೆಲದಿಂದ ಅರ್ಧ ಅಡಿಯಾದರೂ ಎತ್ತರದ ಹಲಗೆಯ ಮೇಲೆ.

ಆಲ್ಬಮ್, ಅಂಟು ಹಾಳೆ, ಹೊಳೆಯುವ ಅಂಚು

ಕಪ್ಪು ಹಾಳೆಯ ಆಲ್ಬಮ್ ಬಿಚ್ಚಬೇಡಿ. ಆ ಕಾಗದ ಆಮ್ಲದ್ದೇ, ಮುರಿಯುತ್ತಲೂ ಇರಬಹುದು. ಆದರೂ ತಾತ ಜೋಡಿಸಿದ ಕ್ರಮ ಅದರಲ್ಲಿದೆ. ಪುಟಗಳ ನಡುವೆ ತೆಳ್ಳನೆಯ ಆಮ್ಲರಹಿತ ಕಾಗದ ಇಟ್ಟು, ಆಲ್ಬಮ್ಮನ್ನು ನಿಲ್ಲಿಸದೆ ಮಲಗಿಸಿ, ಅಳತೆಗೆ ಸರಿಯಾದ ರಟ್ಟಿನ ಪೆಟ್ಟಿಗೆಯಲ್ಲಿಡಿ. ತೀರಾ ದಪ್ಪ ಕಾಗದ ಹಾಕಿದರೆ ಬೆನ್ನು ಬಿಚ್ಚಿಕೊಳ್ಳುತ್ತದೆ. ಫೋಟೊ ಮೂಲೆಗಳಲ್ಲಿ ಸಿಕ್ಕಿಸಿದ್ದಾದರೆ, ಹಿಂಬದಿಯಲ್ಲಿ ಏನಾದರೂ ಬರೆದಿದೆಯೇ ಎಂದು ಒಂದೊಂದನ್ನೇ ಹುಷಾರಾಗಿ ಎತ್ತಿ ನೋಡಬಹುದು. ಗೋಂದು ಹಾಕಿ ಅಂಟಿಸಿದ್ದನ್ನು ಎಬ್ಬಿಸಲು ಹೋಗಬೇಡಿ.

ಅತ್ತೆಯವರ ಅಂಟು ಹಾಳೆಯ ಆಲ್ಬಮ್ ವಿಷಯ ಬೇರೆ. ಅದರಲ್ಲಿ ಅಂಟಿನ ಗೆರೆಗಳ ಮೇಲೆ ಫೋಟೊ ಇಟ್ಟು ಮೇಲೆ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಅಂಟು ವರ್ಷ ಕಳೆದಂತೆ ಗಟ್ಟಿಯಾಗಿ ಹಳದಿ ಪಟ್ಟೆ ಮೂಡಿಸುತ್ತದೆ, ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಆ ಮೂವತ್ತನ್ನು ತೆಗೆಯುವ ಪ್ರಯತ್ನ ಮಾಡಲೇಬೇಕು, ಆದರೆ ಮೊದಲು ಪುಟವನ್ನು ಇದ್ದ ಹಾಗೆಯೇ ಫೋಟೊ ತೆಗೆದುಕೊಂಡು. ಹೊದಿಕೆಯನ್ನು ಚಪ್ಪಟೆಯಾಗಿ ಹಿಂದಕ್ಕೆ ಮಡಚುತ್ತಾ ಎಳೆಯಿರಿ, ಮೇಲಕ್ಕೆತ್ತಿ ಎಳೆಯಬೇಡಿ. ಮೇಣ ಹಚ್ಚದ ಡೆಂಟಲ್ ಫ್ಲಾಸ್ ಒಂದು ಮೊಳ ತೆಗೆದುಕೊಂಡು ಫೋಟೊದ ಮೂಲೆಯ ಕೆಳಗೆ ತೂರಿಸಿ, ಪುಟಕ್ಕೆ ಒತ್ತಿದಂತೆ ಹಿಡಿದು ಗರಗಸದ ಹಾಗೆ ನಿಧಾನವಾಗಿ ಆಚೀಚೆ ಎಳೆಯುತ್ತಾ ಹೋಗಿ. ಬಾಗಬೇಕಾದದ್ದು ಆಲ್ಬಮ್ ಹಾಳೆ, ಫೋಟೊ ಅಲ್ಲ. ಬಾಗಿದ ಹಳೆ ಫೋಟೊದ ಮೇಲ್ಪದರ ಬಿರುಕು ಬಿಟ್ಟರೆ ಮತ್ತೆ ಕೂಡುವುದಿಲ್ಲ. ಹೇರ್ ಡ್ರೈಯರ್ ಶಾಖ ಕೊಟ್ಟರೆ ಅಂಟು ಕರಗಿ ಕಾಗದದೊಳಗೆ ಇಳಿದುಬಿಡುವ ಅಪಾಯವಿದೆ. ಎರಡು ಮೂಲೆ ಪ್ರಯತ್ನಿಸಿಯೂ ಬಾರದಿದ್ದರೆ ನಿಲ್ಲಿಸಿ, ಅದನ್ನು ಹಾಳೆಯ ಸಮೇತ ಕತ್ತರಿಸಿ ಸಂರಕ್ಷಣಾ ತಜ್ಞರಿಗಾಗಿ ಎತ್ತಿಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ನಡೆಯುವ, ಪರಂಪರೆ ಕಾಪಾಡುವ ಸಂಸ್ಥೆ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರದಲ್ಲಿ ಇಂಥದ್ದರ ಸಲಹೆ ಕೇಳಬಹುದು. ಬಿಡಿಸಿದವನ್ನು ಕಪ್ಪು ಆಲ್ಬಮ್‌ನ ಖಾಲಿ ಜಾಗಗಳಿಗೆ ಹೊಂದಿಸಿ ನೋಡಿ: ಉಳಿದ ಮೂಲೆಗಳ ಅಳತೆ, ಹಾಳೆ ಬಿಸಿಲಿಗೆ ಮಾಸದೆ ಉಳಿದ ಚೌಕ, ಕೆಳಗಿನ ಬರಹ, ಇವು ಯಾವುದು ಎಲ್ಲಿತ್ತು ಎಂದು ಹೇಳಿಬಿಡುತ್ತವೆ.

ಕನ್ನಡಿಯಂತೆ ಹೊಳೆಯುವ ಅಂಚು ಕೊಳೆಯಲ್ಲ. ಚಿತ್ರವಾಗಿರುವುದು ಬೆಳ್ಳಿಯ ಕಣಗಳು. ತೇವ ಮತ್ತು ಕೆಟ್ಟ ಗಾಳಿ ತಗುಲಿ ಬೆಳ್ಳಿ ಕರಗಿ ಮೇಲ್ಮೈಗೆ ಬಂದು ಮತ್ತೆ ಲೋಹವಾಗಿ ಕೂತಿದೆ. ಒರೆಸಿದರೆ ಹೋಗುತ್ತದೆ ನಿಜ, ಹೋಗುವುದು ಚಿತ್ರದ್ದೇ ಬೆಳ್ಳಿ. ಅದನ್ನು ಹಾಗೇ ಬಿಡಿ. ಸ್ಕ್ಯಾನ್ ಬದಲು ಕ್ಯಾಮೆರಾದಿಂದ, ಎರಡೂ ಪಕ್ಕದಿಂದ 45 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು ತೆಗೆದರೆ ಹೊಳಪು ಕಾಣದು. ಹಳದಿಗಟ್ಟಿ ಮಾಸಿದ ಫೋಟೊಗಳ ಕಾರಣ ಸಾಮಾನ್ಯವಾಗಿ ಬೇರೆ: ಡಾರ್ಕ್‌ರೂಮಿನಲ್ಲಿ ಚಿತ್ರವನ್ನು ನಿಲ್ಲಿಸಲು ಬಳಸುವ ಹೈಪೊ ಎಂಬ ರಾಸಾಯನಿಕ ಪೂರ್ತಿ ಹೋಗುವಷ್ಟು ತೊಳೆದಿರುವುದಿಲ್ಲ.

ಬೂಷ್ಟಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು, ಹೆಚ್ಚು ಫೋಟೊ ಹಾಳಾಗುವುದು ಇಲ್ಲಿಯೇ. ಬೂಷ್ಟು ಜೆಲಟಿನ್ ಪದರವನ್ನು ತಿಂದು ನೀರಲ್ಲಿ ಕರಗುವಂತೆ ಮಾಡಿರುತ್ತದೆ. ಒದ್ದೆ ಹತ್ತಿಯಲ್ಲಿ ಒರೆಸಿದರೆ ಬೂಷ್ಟಿನ ಜೊತೆ ಮುಖವೂ ರೆಕ್ಕೆಯೂ ಹತ್ತಿಗೆ ಬಂದುಬಿಡುತ್ತವೆ. ಸ್ಟುಡಿಯೊದ 'ಸ್ವಚ್ಛ ಮಾಡುವುದು' ಅಂದರೆ ಎಷ್ಟೋ ಸಲ ಇದೇ. ಬೂಷ್ಟು ಹಿಡಿದವನ್ನು ಬೇರೆ ಮಾಡಿ, ನೆರಳಲ್ಲಿ ಫ್ಯಾನ್ ಗಾಳಿ ನೇರ ತಾಗದಂತೆ ಎರಡು ಮೂರು ದಿನ ಒಣಗಿಸಿ, ಬೂಷ್ಟು ಪುಡಿಯಾದ ಮೇಲೆ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್‌ನಿಂದ ತೇಲಿಸಿದಂತೆ ಸವರಿ. ಕಲೆ ಉಳಿಯುತ್ತದೆ, ಉಳಿಯಲಿ. ಗಾಳಿಯ ತೇವ ಶೇಕಡ 65 ದಾಟದಂತೆ ನೋಡಿಕೊಂಡರೆ ಅದು ಮತ್ತೆ ಬೆಳೆಯುವುದಿಲ್ಲ. ತೇವ ತೋರಿಸುವ ಪುಟ್ಟ ಮೀಟರ್ ಒಂದನ್ನು ಬೀರುವಿನೊಳಗಿಡಿ.

ಲ್ಯಾಮಿನೇಷನ್‌ಗೆ ಒಂದೇ ಮಾತು: ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸಿದ ಮೇಲೆ ಅದನ್ನು ಬಿಡಿಸುವ ದಾರಿಯಿಲ್ಲ.

ಸ್ಕ್ಯಾನ್

ನೆಗೆಟಿವ್ ಇರುವ ಫೋಟೊಗೆ ನೆಗೆಟಿವ್‌ನಿಂದಲೇ ಸ್ಕ್ಯಾನ್ ಮಾಡಿ, ಮುದ್ರಿತ ಪ್ರತಿಯನ್ನೂ ಬೇರೆಯಾಗಿ ಮಾಡಿ. 6×6 ಸೆಂಟಿಮೀಟರ್ ನೆಗೆಟಿವ್‌ಗೆ ಇಂಚಿಗೆ 2400 ಚುಕ್ಕಿ ಕೊಟ್ಟರೆ ಒಂದು ಬದಿಗೆ ಸುಮಾರು 5300 ಪಿಕ್ಸೆಲ್ ಬರುತ್ತದೆ, ರಿವೆಟ್ ಎಣಿಸಲು ಸಾಕು. 35 ಎಂಎಂ ಆದರೆ 4000 ಬೇಕು. ಪೋಸ್ಟ್‌ಕಾರ್ಡ್ ಅಳತೆಯ ಫೋಟೊಗೆ 600 ಸಾಕು. ಆದರೆ ಆ ಕಾಲದ ಹವ್ಯಾಸಿಗಳು ಬಹಳಷ್ಟು ಸಲ ನೆಗೆಟಿವ್‌ನಷ್ಟೇ ಅಳತೆಯ ಕಾಂಟ್ಯಾಕ್ಟ್ ಪ್ರಿಂಟ್ ಮಾಡಿಸುತ್ತಿದ್ದರು. ಅವು ಚಿಕ್ಕದಾಗಿದ್ದರೂ ವಿವರ ತುಂಬಿರುತ್ತದೆ, 1200 ಕೊಡಿ. ಟಿಫ್ ರೂಪದಲ್ಲಿ ಉಳಿಸಿ. ಕಪ್ಪು-ಬಿಳುಪಾದರೂ ಫೋಟೊಗಳನ್ನು ಬಣ್ಣದ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ, ಕಲೆ, ಶಾಯಿ, ಹಳದಿ ಬೇರೆಬೇರೆಯಾಗಿ ಕಾಣಬೇಕು. 5×7 ಇಂಚಿನ ಫೋಟೊ 600ಕ್ಕೆ ಸುಮಾರು 38 ಎಂಬಿ ಆಗುತ್ತದೆ, 140ಕ್ಕೂ ಅಷ್ಟೇ ಲೆಕ್ಕ ಹಿಡಿದರೂ ಸುಮಾರು 5 ಜಿಬಿ. ಜಾಗ ಉಳಿಸುವ ಚಿಂತೆ ಬೇಡ.

ಸ್ಕ್ಯಾನರ್‌ನ ತಾನಾಗಿ ಹರಿತಗೊಳಿಸುವ, ಧೂಳು ತೆಗೆಯುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಧೂಳು ತೆಗೆಯುವ ವ್ಯವಸ್ಥೆ ಇನ್‌ಫ್ರಾರೆಡ್ ಬೆಳಕನ್ನು ನಂಬಿ ಕೆಲಸ ಮಾಡುತ್ತದೆ. ಕಪ್ಪು-ಬಿಳುಪು ಫಿಲ್ಮ್‌ನ ಬೆಳ್ಳಿ ಆ ಬೆಳಕನ್ನೂ ತಡೆಯುವುದರಿಂದ ಅದು ಚಿತ್ರವನ್ನೇ ಧೂಳೆಂದು ತಿಳಿದು ಅಳಿಸುತ್ತದೆ. ಸ್ಕ್ಯಾನ್‌ನಲ್ಲಿ ಫಿಲ್ಮ್‌ನ ಅಂಚೂ ಬರಲಿ, ಅಕ್ಷರ, ಸಂಖ್ಯೆ ಎಲ್ಲ ಅಲ್ಲೇ ಇದೆ. ಚಿತ್ರ ಎಡಬಲ ತಿರುಗಿದೆಯೇ ಎಂಬ ಅನುಮಾನ ಬಂದರೆ ಗೋಡೆಯ ಬೋರ್ಡು, ವಿಮಾನದ ಅಕ್ಷರ ನೋಡಿ. ಅದೂ ಇಲ್ಲದಿದ್ದರೆ ಕೆಲಸಗಾರರ ಅಂಗಿಯ ಜೇಬು ಎಡ ಎದೆಯ ಮೇಲಿದೆಯೇ ನೋಡಿ.

ಬಣ್ಣ ಹಾಕಿಸುವ, ಕಂಪ್ಯೂಟರ್‌ನಿಂದ 'ಸ್ಪಷ್ಟ' ಮಾಡಿಸುವ ಆಸೆಯನ್ನು ಮೂಲ ಕಡತದ ಮೇಲೆ ತೀರಿಸಿಕೊಳ್ಳಬೇಡಿ. ಇಂಥ ತಂತ್ರಾಂಶ ಮಸುಕಾದ ಕಡೆ ತನಗೆ ತೋಚಿದ ಗೆರೆ ತುಂಬುತ್ತದೆ. ಮನುಷ್ಯರ ಮುಖದಲ್ಲೇ ಅದು ತಪ್ಪು, ವಿಮಾನದ ತಗಡಿನ ಮೇಲಂತೂ ಇಲ್ಲದ ರಿವೆಟ್ ಸಾಲು, ಇಲ್ಲದ ಮುಚ್ಚಳ ಹುಟ್ಟಿಬಿಡುತ್ತದೆ. ನಾಳೆ ಯಾರೋ ಅದನ್ನು ನಂಬಿ ಮಾದರಿ ಕಟ್ಟುತ್ತಾರೆ. ಗೋಡೆಗೆ ಹಾಕಲು ಬೇಕಿದ್ದರೆ ಪ್ರತಿಯೊಂದನ್ನು ಮಾಡಿಸಿ, ಕೆಳಗೆ 'ಬದಲಾಯಿಸಿದ ಪ್ರತಿ' ಎಂದು ಬರೆಸಿ.

ಕಡತಗಳ ಮೂರು ಪ್ರತಿಗಳಿರಲಿ: ಎರಡು ಬೇರೆ ಡ್ರೈವ್‌ಗಳಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯುವ ಯೋಚನೆ ಮಾತ್ರ ಬೇಡ.

ಇದು ಎಚ್‌ಟಿ-2 ಹೌದೇ?

ಆ ಕಾರ್ಖಾನೆಯಲ್ಲಿ ಆ ಹತ್ತಿಪ್ಪತ್ತು ವರ್ಷದಲ್ಲಿ ಬಗೆಬಗೆಯ ವಿಮಾನಗಳು ಓಡಾಡಿವೆ, ಹಾಗಾಗಿ ಮನೆಮಾತನ್ನು ಪರೀಕ್ಷಿಸಿಯೇ ಒಪ್ಪಬೇಕು. ಎಚ್‌ಟಿ-2 ಪೂರ್ತಿ ಲೋಹದ್ದು. ರೆಕ್ಕೆ ಒಡಲಿನ ಕೆಳಗಿದೆ, ಆಸರೆ ಕಂಬಿಗಳಿಲ್ಲ. ಇಬ್ಬರು ಒಬ್ಬರ ಹಿಂದೊಬ್ಬರು ಕೂರುತ್ತಾರೆ, ಗಾಲಿಗಳು ಮಡಚುವುದಿಲ್ಲ, ಬಾಲಕ್ಕೊಂದು ಪುಟ್ಟ ಗಾಲಿ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 35 ಅಡಿ. ಪಕ್ಕದಲ್ಲಿ ನಿಂತ ಮನುಷ್ಯನನ್ನು ಐದೂವರೆ ಅಡಿ ಎಂದು ಹಿಡಿದು ಹೋಲಿಸಿ ನೋಡಬಹುದು.

ಮೂತಿ ದುಂಡಗಿದ್ದು ಗಾಲಿ ಮಡಚುವಂತಿದ್ದರೆ ಅದು 1941ರಲ್ಲಿ ಅಲ್ಲಿ ಮೊದಲು ಹಾರಿದ ಹಾರ್ಲೊ ಪಿಸಿ-5 ಇರಬಹುದು. ಕೆಳರೆಕ್ಕೆ, ಬಿಗಿ ಗಾಲಿ ಎಲ್ಲ ಇದ್ದು ಆಸನಗಳು ಅಕ್ಕಪಕ್ಕ ಇದ್ದರೆ ಪರ್ಸಿವಲ್ ಪ್ರೆಂಟಿಸ್. ಹೆಚ್ಚು ಗೊಂದಲವಾಗುವುದು ಇದರಲ್ಲೇ. ಎರಡು ಅಂತಸ್ತಿನ ಬಟ್ಟೆ ರೆಕ್ಕೆಯದು ಟೈಗರ್ ಮಾತ್. ರೆಕ್ಕೆ ತಲೆಯ ಮೇಲಿದ್ದರೆ 1958ರಲ್ಲಿ ಹಾರಿದ ಪುಷ್ಪಕ್ ಅಥವಾ ಅದರ ನಂತರದ ಕೃಷಕ್, ಅಂದರೆ ಆಲ್ಬಮ್ ನೀವಂದುಕೊಂಡ ಕಾಲದಿಂದ ಮುಂದಕ್ಕೂ ಹೋಗಿದೆ. ಬರೀ ಎಂಜಿನ್‌ನ ಫೋಟೊದಿಂದ ತೀರ್ಮಾನಕ್ಕೆ ಬರಬೇಡಿ. ಎಚ್‌ಟಿ-2ರ ಮೊದಲ ಮಾದರಿಗೆ ಹಾಕಿದ್ದು ಜಿಪ್ಸಿ ಮೇಜರ್ 10, ಎರಡನೆಯದಕ್ಕೂ ನಂತರದವಕ್ಕೂ 155 ಅಶ್ವಶಕ್ತಿಯ ಸಿರಸ್ ಮೇಜರ್ 3. ಎರಡೂ ನಾಲ್ಕು ಸಿಲಿಂಡರ್ ತಲೆಕೆಳಗಾಗಿ ಸಾಲಲ್ಲಿ ನಿಂತ ಎಂಜಿನ್‌ಗಳು, ದೂರದಿಂದ ಒಂದೇ ಥರ ಕಾಣುತ್ತವೆ. ಟೈಗರ್ ಮಾತ್‌ನಲ್ಲೂ ಜಿಪ್ಸಿ ಮೇಜರ್ ಇರುತ್ತಿತ್ತು. ತಯಾರಕರ ಫಲಕ ಓದುವಂತಿದ್ದರೆ ಮಾತ್ರ ಅದು ಸಾಕ್ಷಿ, ಮತ್ತು ಎಚ್‌ಟಿ-2ರ ಒಡಲಿನಲ್ಲಿ ಜಿಪ್ಸಿ ಎಂದು ಓದಿದರೆ ನೀವು ಮೊದಲ ಮಾದರಿಯನ್ನೇ ನೋಡುತ್ತಿರುವ ಸಾಧ್ಯತೆ ಬಲವಾಗಿದೆ.

ದಿನಾಂಕವಿಲ್ಲದವನ್ನು ಕೆಲಸದ ಹಂತದಿಂದ ಜೋಡಿಸಬಹುದು. ಲೋಹದ ವಿಮಾನ ಸಾಮಾನ್ಯವಾಗಿ ಸಾಗುವ ದಾರಿ ಇದು: ನಕ್ಷೆಮನೆ, ಪೂರ್ಣ ಅಳತೆಯ ಮರದ ಮಾದರಿ, ಭಾಗಗಳನ್ನು ಹಿಡಿದಿಡುವ ಜಿಗ್‌ಗಳು, ಅವುಗಳೊಳಗೆ ಒಡಲಿನ ಅಡ್ಡಚೌಕಟ್ಟು ಮತ್ತು ಉದ್ದ ಪಟ್ಟಿಗಳು, ಮೇಲೆ ತಗಡು, ಜಿಗ್‌ನಿಂದ ಬಿಡುಗಡೆ, ರೆಕ್ಕೆ ಜೋಡಣೆ, ಎಂಜಿನ್, ನೆಲದ ಮೇಲಿನ ಓಟ. ತಗಡಿನ ಮೇಲೆ ಸಾಲಾಗಿ ಚಿಕ್ಕ ಪಿನ್ನುಗಳು ಎದ್ದು ನಿಂತಿದ್ದರೆ ಅದು ರಿವೆಟ್ ಹೊಡೆಯುವ ಮುಂಚಿನ ತಾತ್ಕಾಲಿಕ ಹಿಡಿತ. ಅದೇ ಜಾಗ ಇನ್ನೊಂದು ಫೋಟೊದಲ್ಲಿ ನುಣ್ಣಗಿದ್ದರೆ ಅದು ನಂತರದ್ದು. ರೆಕ್ಕೆಯನ್ನು ಬೋರಲು ಕಟ್ಟಿ ಮೇಲೆ ಮರಳಿನ ಚೀಲ ಹೇರಿರುವ ಫೋಟೊ ಸಿಕ್ಕರೆ ಅಪಘಾತ ಎಂದುಕೊಳ್ಳಬೇಡಿ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ, ಆ ಬಲವನ್ನು ನೆಲದ ಮೇಲೆ ತೂಕ ಹೇರಿ ಪರೀಕ್ಷಿಸುವಾಗ ರೆಕ್ಕೆ ಬೋರಲಾಗಿರಬೇಕು. ಸಂಗ್ರಹದಲ್ಲಿ ಅಂಥ ಒಂದು ಸರಣಿ ಇದ್ದರೆ ಅದಕ್ಕೇ ಹೆಚ್ಚು ಬೆಲೆ.

ಫೋಟೊ ಕಾಗದವೂ ಕಾಲ ಹೇಳುತ್ತದೆ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟಾಗ ಕಾಗದ ನೀಲಿಯಾಗಿ ಬೆಳಗಿದರೆ ಅದನ್ನು ಮುದ್ರಿಸಿದ್ದು ಬಹುತೇಕ 1950ರ ದಶಕದ ಮಧ್ಯದ ನಂತರ, ಮುಂಚಿನ ಕಾಗದದಲ್ಲಿ ಆ ಬಿಳುಪುಕಾರಕ ಇರುತ್ತಿರಲಿಲ್ಲ. ಹಿಂಬದಿಯ ಮೊಹರಿನಲ್ಲಿ 'ಹಿಂದೂಸ್ತಾನ್ ಏರೋನಾಟಿಕ್ಸ್' ಎಂದಿದ್ದರೆ ಅದು 1964ರ ಅಕ್ಟೋಬರ್ ನಂತರ ಹಾಕಿದ ಮೊಹರು. ಅದಕ್ಕೂ ಮುಂಚೆ ಕಂಪನಿಯ ಹೆಸರು 'ಹಿಂದೂಸ್ತಾನ್ ಏರ್‌ಕ್ರಾಫ್ಟ್'. ಮುದ್ರಣ ತಡವಾದದ್ದೆಂದ ಮಾತ್ರಕ್ಕೆ ನೆಗೆಟಿವ್ ತಡವಾದದ್ದಲ್ಲ, ಎರಡನ್ನೂ ಬೇರೆಬೇರೆ ಬರೆದಿಡಿ. ಖಚಿತವಾದದ್ದನ್ನೂ ಊಹೆಯನ್ನೂ ಒಂದೇ ಸಾಲಲ್ಲಿ ಬೆರೆಸಬೇಡಿ. 'ಆಲ್ಬಮ್‌ನಲ್ಲಿ ಬರೆದಿದೆ', 'ಫೋಟೊ ನೋಡಿ ಅಂದಾಜು', 'ಚಿಕ್ಕಪ್ಪ ಹೇಳಿದರು' ಎಂದು ಮೂರು ಕಾಲಂ ಮಾಡಿ. ಆ ಕಾಲದ ಸಹೋದ್ಯೋಗಿಗಳ ಮನೆಯವರು ಯಾರಾದರೂ ಇದ್ದರೆ ಸ್ಕ್ಯಾನ್ ತೋರಿಸಿ ಮುಖಗಳನ್ನು ಗುರುತಿಸಲು ಈಗಲೇ ಕೇಳಿ.

ಯಾರದ್ದು, ಎಲ್ಲಿಗೆ?

ಕೈಯಲ್ಲಿರುವ ಕಾಗದ, ಫಿಲ್ಮ್‌ನ ಒಡೆತನ ಬೇರೆ, ಪ್ರಕಟಿಸುವ ಹಕ್ಕು ಬೇರೆ. ತಾತ ಸ್ವಂತ ಕ್ಯಾಮೆರಾದಲ್ಲಿ ಸ್ವಂತಕ್ಕೆ ತೆಗೆದಿದ್ದರೆ ಹಕ್ಕು ಕುಟುಂಬಕ್ಕೆ ಬಂದಿರಬಹುದು. ನೌಕರಿಯ ಕೆಲಸವಾಗಿ ಕಂಪನಿಗೆ ತೆಗೆದುಕೊಟ್ಟಿದ್ದರೆ ಹಕ್ಕು ಸಾಮಾನ್ಯವಾಗಿ ಕಂಪನಿಯದು. ಹಿಂಬದಿಯ ಮೊಹರು, ಅನುಕ್ರಮ ಸಂಖ್ಯೆ ಇದ್ದರೆ ಎರಡನೆಯದರ ಸೂಚನೆ. ಈಗಿನ ಕಾಯ್ದೆ 1957ರದು. ಪ್ರಕಟವಾದ ಫೋಟೊಗೆ ಅದು ಮರುವರ್ಷದಿಂದ 60 ವರ್ಷ ರಕ್ಷಣೆ ಕೊಡುತ್ತಿತ್ತು, 2012ರ ತಿದ್ದುಪಡಿಯ ನಂತರ ತೆಗೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಂದಾಗಿದೆ. ಎಂದೂ ಪ್ರಕಟವಾಗದ, ಕಾಯ್ದೆಗೂ ಮುಂಚಿನ ಫೋಟೊಗಳ ಲೆಕ್ಕ ತೊಡಕಿನದು. ಪುಸ್ತಕ ಮಾಡುವ ಇಲ್ಲವೇ ಮಾರುವ ಯೋಚನೆಯಿದ್ದರೆ ಕೃತಿಸ್ವಾಮ್ಯ ಬಲ್ಲ ವಕೀಲರನ್ನು ಕೇಳಿ. ಮನೆಯಲ್ಲಿ ಇಟ್ಟುಕೊಂಡು ಕಾಪಾಡಲು ಯಾರ ಅಪ್ಪಣೆಯೂ ಬೇಡ. ರಕ್ಷಣಾ ಕಾರ್ಖಾನೆಯ ಒಳಗಿನ ಚಿತ್ರಗಳಾದ್ದರಿಂದ ಅಂತರ್ಜಾಲಕ್ಕೆ ಹಾಕುವ ಮುಂಚೆ ಕಂಪನಿಗೆ ಪಟ್ಟಿ ಕಳಿಸಿ ಒಂದು ಉತ್ತರ ತರಿಸಿಕೊಳ್ಳುವುದು ಕ್ಷೇಮ.

ಕೊಡುವುದಾದರೆ ಬೆಂಗಳೂರಿನಲ್ಲೇ ದಾರಿಗಳಿವೆ. ಎಚ್‌ಎಎಲ್‌ನ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂನಲ್ಲಿ ಎಚ್‌ಟಿ-2 ವಿಮಾನವೇ ಇದೆ, ಅದರ ಪಕ್ಕದಲ್ಲಿ ಈ ಫೋಟೊಗಳಿಗೆ ಅರ್ಥವಿದೆ. ಜೀವವಿಜ್ಞಾನದ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನ ಆರ್ಕೈವ್ಸ್ ನಮ್ಮ ಕಾಲದ ವಿಜ್ಞಾನದ ಇತಿಹಾಸಕ್ಕೆಂದೇ ಇರುವುದು. ಘಾಟಗೆಯವರು ಪಾಠ ಮಾಡಿದ ಏರೋನಾಟಿಕ್ಸ್ ವಿಭಾಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ, ಅಲ್ಲೂ ಒಂದು ದಾಖಲೆ ಸಂಗ್ರಹವಿದೆ. ಪ್ರದರ್ಶನದ ಮ್ಯೂಸಿಯಂಗೂ ದಾಖಲೆ ಕಾಪಾಡುವ ಆರ್ಕೈವ್‌ಗೂ ವ್ಯತ್ಯಾಸವಿದೆ. ಮೊದಲನೆಯದು ಹತ್ತು ಒಳ್ಳೆಯ ಚಿತ್ರ ಆರಿಸಿ ಗೋಡೆಗೆ ಹಾಕಲು ಬಯಸುತ್ತದೆ, ಎರಡನೆಯದು 140ನ್ನೂ ನೆಗೆಟಿವ್ ಸಮೇತ ಒಟ್ಟಿಗೆ ಇಡಲು ಬಯಸುತ್ತದೆ. ನಿಮ್ಮದಕ್ಕೆ ಎರಡನೆಯದೇ ಸರಿ. ಮ್ಯೂಸಿಯಂಗೆ ಉತ್ತಮ ಮುದ್ರಣಗಳನ್ನು ಮಾಡಿಸಿ ಕೊಡಬಹುದು.

ಹೋಗಿ ಮಾತಾಡುವಾಗ ಇವನ್ನು ಕೇಳಿ: ನೆಗೆಟಿವ್ ಇಡಲು ತಂಪು ಕೋಣೆ ಇದೆಯೇ, ನೈಟ್ರೇಟ್ ಸಿಕ್ಕರೆ ತೆಗೆದುಕೊಳ್ಳುತ್ತೀರಾ, ಸಂಗ್ರಹವನ್ನು ಒಡೆಯದೆ ತಾತನ ಹೆಸರಿನಲ್ಲೇ ಇಡುತ್ತೀರಾ, ಯಾರು ಬೇಕಾದರೂ ಬಂದು ನೋಡಬಹುದೇ, ಸ್ಕ್ಯಾನ್ ಪ್ರತಿ ನಮಗೆ ಬರುತ್ತದೆಯೇ, ನೀವು ಇಟ್ಟುಕೊಳ್ಳಲಾರದ್ದನ್ನು ನಮಗೆ ವಾಪಸ್ ಕೊಡುತ್ತೀರಾ. ದಾನವೋ, ಇರಿಸಲು ಕೊಟ್ಟದ್ದೋ ಎಂಬುದು ಕಾಗದದ ಮೇಲೆ ಬರಲಿ. ದಾನ ಕೊಟ್ಟ ಮೇಲೆ ವಾಪಸ್ ಕೇಳಲು ಬರುವುದಿಲ್ಲ. ಮನೆಯಲ್ಲಿ ಹಕ್ಕುದಾರರು ಇನ್ನೂ ಇದ್ದರೆ ಎಲ್ಲರ ಸಹಿ ಮೊದಲೇ ಪಡೆಯಿರಿ. ಪತ್ರದ ಜೊತೆ ನಿಮ್ಮ ಮೂರು ಕಾಲಂ ಪಟ್ಟಿ, ಡಬ್ಬಿ ತೆರೆದಾಗ ತೆಗೆದ ಮೊಬೈಲ್ ಫೋಟೊಗಳು ಮತ್ತು ಕಪ್ಪು ಆಲ್ಬಮ್‌ನ ಪುಟಪುಟದ ಚಿತ್ರಗಳನ್ನೂ ಲಗತ್ತಿಸಿ. ಅಂಟು ಆಲ್ಬಮ್‌ನಿಂದ ಬಿಡಿಸಿದ ಮೂವತ್ತು ಫೋಟೊ ಬೇರೆಬೇರೆ ಲಕೋಟೆಗಳಲ್ಲಿ ಹೋಗಲಿ, ಪ್ರತಿ ಲಕೋಟೆಯ ಮೇಲೆ ಒಳಗಿನ ಫೋಟೊ ಇದ್ದ ಪುಟದ ಸಂಖ್ಯೆ ಇರಲಿ.